ಅಮ್ಮನ ತವರಿನ ಭರ್ಚಿ

ನಮ್ಮ ಸೊರಬದ ಕಡೆ ಹಳೆ ಮನೆ ಅಟ್ಟ ಹತ್ತಿದ್ರೆ ಏನೇನು ಸಿಗ್ತದೆ ಅಂತ ನಿಮಗೆ ಗೊತ್ತೇ ಇದೆ. ಸೇರು, ಕೊಳಗ, ಕಾಲು ಮುರಿದ ತೊಟ್ಟಿಲು. ನಮ್ಮನೇಲಿ ಇವುಗಳ ಜೊತೆ ಒಂದು ಭರ್ಚಿಯೂ ಇದೆ. ಅದು ಅಪ್ಪನ ಮನೆದಲ್ಲ, ಅಮ್ಮನ ತವರಿಂದ ಬಂದಿದ್ದು. ತವರು ಶಿಕಾರಿಪುರ ತಾಲ್ಲೂಕು, ಈಸೂರಿನ ಹತ್ತಿರದ ಹಳ್ಳಿ. ಮಾವಂದಿರು ಹಿಸ್ಸೆ ಆದಾಗ ಯಾರಿಗೂ ಬೇಡವಾಗಿ ಉಳಿದಿದ್ದನ್ನ ಅಮ್ಮ ಬಸ್ಸಿನ ಮೇಲೆ ಹಾಕಿಸಿಕೊಂಡು ತಂದ್ಲು.

ಈ ವರ್ಷ ಅದಕ್ಕೆ ಗಿರಾಕಿ ಬಂದ. ಅಣ್ಣ ಮೊಬೈಲಲ್ಲಿ ಫೋಟೋ ತೆಗೆದು ಹಳೆ ಸಾಮಾನು ಕೊಳ್ಳೋರೊಬ್ಬರಿಗೆ ಕಳಿಸಿದ್ದ. ಅವರು ಮೊದಲು ಕೇಳಿದ್ದೇ, "ಕಾವು ಮೊದಲಿಂದಾನಾ, ಆಮೇಲೆ ಹಾಕಿದ್ದಾ?" ಅಂತ. ಎರಡನೇದು, "ತುಕ್ಕು ತೆಗೆಸಿ, ಪಾಲಿಶ್ ಹೊಡೆಸಿ ಕೊಡ್ತೀರಾ?"

ಮೊದಲನೇ ಪ್ರಶ್ನೆ ಸರಿಯಾದದ್ದೇ. ಉದ್ದ ಕಾವಿನ ಆಯುಧ ಯಾವ ದೇಶದ್ದಾದ್ರೂ ಮೊದಲು ಸಾಯೋದು ಮರ. ಯುರೋಪಿನ ಹಾಲ್ಬರ್ಡ್ ಅನ್ನೋದನ್ನ ಚಿತ್ರದಲ್ಲಿ ನೋಡಿರ್ತೀರಿ. ಒಂದೇ ಕೋಲಿನ ತುದೀಲಿ ಕೊಡಲಿ, ಭರ್ಚಿ, ಹಿಂದೆ ಒಂದು ಕೊಕ್ಕೆ. 1506ರಿಂದ ಪೋಪರ ಕಾವಲಿಗಿರೋ ಸ್ವಿಸ್ ಪಡೆಯವರು ಈಗಲೂ ಅದನ್ನ ಹಿಡಿದು ನಿಲ್ತಾರೆ. ಅದರ ಕಾವು ಹೆಚ್ಚಾಗಿ ಆಶ್ ಅನ್ನೋ ಮರದ್ದು. ಎದುರಾಳಿ ಕಾವನ್ನೇ ಕಡಿದುಹಾಕಬಾರದು ಅಂತ ತಲೆಯಿಂದ ಕೆಳಗೆ ಕಬ್ಬಿಣದ ಪಟ್ಟಿ ಇಳಿಸಿ ಮೊಳೆ ಹೊಡೀತಿದ್ರು. ಆದರೂ ಕುಟ್ಟೆ ಹುಳಕ್ಕೆ ಪಟ್ಟಿ ಏನು ಲೆಕ್ಕ? ಈಗ ಸಿಗೋ ಎಷ್ಟೋ ಹಾಲ್ಬರ್ಡುಗಳಲ್ಲಿ ತಲೆ ಹಳೇದು, ಕಾವು ಹೊಸದು. 19ನೇ ಶತಮಾನದಲ್ಲಿ ಸಾಹುಕಾರರ ಗೋಡೆಗೆ ಅಂತಲೇ ನಕಲಿನವೂ ಬಂದವು, ಆಸಿಡ್ ಹಾಕಿ ಹಳತು ಮಾಡಿದವು. ಅಂಥವುಗಳ ಗುಳಿ ಮೈತುಂಬ ಒಂದೇ ಸಮ ಇರ್ತದೆ. ನಿಜವಾದ ಮುಪ್ಪು ಹಂಗೆ ಸಮನಾಗಿ ಬರಲ್ಲ.

ನಮ್ಮ ಭರ್ಚಿಯದೂ ಸಮನಾಗಿಲ್ಲ. ಅಲಗು ಒಂದು ಗೇಣಿನ ಮೇಲೆ ನಾಲ್ಕು ಬೆರಳು. ಒಂದು ಮೈ ನುಣ್ಣಗೆ, ಕರಿಬೆಲ್ಲದ ಬಣ್ಣ. ಇನ್ನೊಂದು ಮೈ ಸಿಡುಬು ಎದ್ದ ಮುಖದ ಹಾಗೆ ಗುಳಿ ಗುಳಿ. ಕಾವು ಬಗನಿ ಮರದ್ದು, ಅಲಗಿಗಿಂತ ಎಷ್ಟೋ ಈಚಿನದು.

ಇದಕ್ಕೆ ಕಾರಣ ಅಮ್ಮ ಹೇಳಿದ್ಲು, ಅವಳಿಗೆ ಅಜ್ಜಿ ಹೇಳಿದ್ದು. 1942ರ ಸೆಪ್ಟೆಂಬರಲ್ಲಿ ಈಸೂರು ತಾನೇ ಸ್ವತಂತ್ರ ಅಂತ ಸಾರಿಕೊಂಡು, ಗಲಾಟೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತು, ಮಿಲಿಟ್ರಿ ಬಂತಲ್ಲ, ಆಗ ಸುತ್ತಲಿನ ಹಳ್ಳಿಯವರಿಗೂ ಜೀವ ಕೈಯಲ್ಲಿ. ಗದ್ದೆಗೆ ನುಗ್ಗೋ ಹಂದಿಗೆ ಅಂತ ಇಟ್ಟ ಭರ್ಚಿ ಪೊಲೀಸರ ಕಣ್ಣಿಗೆ ಬಿದ್ರೆ ಏನು ಹೇಳೋದು? ಅಜ್ಜಿ ಕಾವು ಮುರಿದು ಒಲೆಗೆ ಹಾಕಿದ್ಲಂತೆ, ಅಲಗನ್ನ ಗೊಬ್ಬರಗುಂಡೀಲಿ ಹೂತಳಂತೆ. 1943ರ ಮಾರ್ಚಲ್ಲಿ ಈಸೂರಿನ ಐವರನ್ನ ಗಲ್ಲಿಗೆ ಹಾಕಿದರು. ಅದಾದ ಮೇಲೂ ಒಂದು ಮಳೆಗಾಲ ಕಳೆಯೋವರೆಗೆ ಅದನ್ನ ತೆಗೆಯೋ ಧೈರ್ಯ ಯಾರಿಗೂ ಬರಲಿಲ್ಲ. ಗೊಬ್ಬರದ ತೇವ, ಉಪ್ಪು ಕೆಳಗಿದ್ದ ಮೈಯನ್ನ ತಿಂದುಹಾಕಿತು. ಬಗನಿ ಕಾವು ಆಮೇಲೆ ಅಜ್ಜ ಹಾಕಿದ್ದು.

"ಉಜ್ಜಿಸಿದ್ರೆ ಗುಳಿ ಹೋಗ್ತದೆ, ಒಳ್ಳೆ ರೇಟು ಬರ್ತದೆ" ಅಂದ ಅಣ್ಣ.

"ಗುಳಿ ಹೋದ್ರೆ ನಮ್ಮವ್ವ ಹೆದರಿದ್ದೂ ಹೋಗ್ತದೆ ಕಣೋ" ಅಂದ್ಲು ಅಮ್ಮ. "ದುಡ್ಡು ಬೇಕಾದ್ರೆ ಅಡಿಕೆ ಮಾರು."

ಅಣ್ಣನ ಮಾತೂ ತಳ್ಳಿಹಾಕೋದಲ್ಲ. ಅವನಿಗೆ ಮಗಳ ಕಾಲೇಜು ಫೀಸಿನ ಚಿಂತೆ. ಎರಡು ದಿನ ಮನೇಲಿ ಮಾತಿಲ್ಲ. ಕೊನೆಗೆ ನಾನು ಹೇಳಿದ್ದು ಇಷ್ಟೇ: ಮಾರೋದೇ ಆದ್ರೂ ಉಜ್ಜಬಾರದು, ಗ್ರೈಂಡರ್ ತಾಗಿದ ಮೇಲೆ ಅದು ಸಂತೇಲಿ ಸಿಗೋ ಕಬ್ಬಿಣ. ನೂರು ವರ್ಷ ದಾಟಿದ ವಸ್ತುವಾದ್ರೆ 1972ರ ಪ್ರಾಚೀನ ವಸ್ತುಗಳ ಕಾಯ್ದೆಯೂ ಇದೆ, ಯಾರೋ ಕೊಂಡು ದೇಶ ದಾಟಿಸೋ ಹಾಗಿಲ್ಲ. ಅದೇ 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆಯೂ ನಿಂತಿತು, ಭರ್ಚಿ ಅಟ್ಟ ಸೇರಿತು. ಅಣ್ಣ ಫೋನ್ ಮಾಡಿ "ಸದ್ಯಕ್ಕೆ ಕೊಡಲ್ಲ" ಅಂದ. ಸದ್ಯಕ್ಕೆ ಅನ್ನೋ ಮಾತು ಅಮ್ಮನಿಗೆ ಹಿಡಿಸಲಿಲ್ಲ, ಸುಮ್ಮನಿದ್ಲು.

ನಿಮ್ಮನೇಲೂ ಇಂಥದ್ದು ಇದ್ರೆ ಕೇಳಿ. ಕೆಂಪಗೆ ಪುಡಿ ಉದುರೋ ತುಕ್ಕು ಇನ್ನೂ ತಿಂತಾ ಇರೋದು, ಅದನ್ನ ಒಣಬಟ್ಟೇಲಿ ಮೆಲ್ಲಗೆ ಒರೆಸಿ. ಕಪ್ಪಗೆ ಗಟ್ಟಿಯಾಗಿ ಕೂತಿದ್ದು ಇರಲಿ. ಹುಣಸೆಹಣ್ಣು, ಸ್ಯಾಂಡ್‌ಪೇಪರ್ ಬೇಡ. ಹೊಲಿಗೆ ಮಿಷನ್ ಎಣ್ಣೆ ಒಂದೆರಡು ಹನಿ ಸಾಕು, ಅಡುಗೆ ಎಣ್ಣೆ ಅಂಟಾಗಿ ಧೂಳು ಹಿಡೀತದೆ. ಮಳೆಗಾಲದಲ್ಲಿ ಹಸಿ ಗೋಡೆಗೆ ಒರಗಿಸಬೇಡಿ. ಕಾವಿನ ಬುಡದಲ್ಲಿ ಹಿಟ್ಟಿನಂಥ ಪುಡಿ ಬಿದ್ದಿದ್ರೆ ಕುಟ್ಟೆ ಹುಳ ಒಳಗಿದೆ ಅಂತಲೇ ಲೆಕ್ಕ. ಆಯುಧಪೂಜೆ ಆದ ಮೇಲೆ ಅರಿಶಿನ ಕುಂಕುಮದ ನೀರು ರಾತ್ರಿಯಿಡೀ ಕಬ್ಬಿಣದ ಮೇಲೆ ಬಿಡಬೇಡಿ.

ಇದನ್ನೆಲ್ಲ ಒಂದು ಚೀಟೀಲಿ ಬರೆದು, ಗುಳಿ ಯಾಕಾಯ್ತು ಅನ್ನೋದನ್ನೂ ಸೇರಿಸಿ, ಅಣ್ಣನ ಮಗಳ ಕೈಗೆ ಕೊಟ್ಟಿದ್ದೀನಿ. ಅವಳು ಓದಿ, "ಅತ್ತೆ, ಮುತ್ತಜ್ಜಿ ಹೆಸರೇ ಬರೆದಿಲ್ವಲ್ಲ?" ಅಂತ ಪೆನ್ನು ತಗೊಂಡು ಅಮ್ಮನ ಹತ್ರ ಹೋದ್ಲು.