ವಾಲ್ವಿನ ಬೇಸ್

ರೇಡಿಯೋ ರಿಪೇರಿಯವರು 'ಬೇಸ್' ಎಂದು ಕರೆಯುವ ವಸ್ತುವನ್ನು ಗಮನವಿಟ್ಟು ನೋಡಿದವರು ವಿರಳ. ಒಳಗೆ ಕೆಂಪಗೆ ಬೆಳಗುವ ವಾಲ್ವಿಗೆ ಸಲ್ಲುವ ಮೆಚ್ಚಿಗೆ, ಅದನ್ನು ಹೊತ್ತು ನಿಂತ ಬೇಸಿಗೆ ಸಲ್ಲುವುದಿಲ್ಲ. ವಾಲ್ವು ಸತ್ತರೆ ಕಿತ್ತು ಬೇರೊಂದನ್ನು ಕೂರಿಸಬಹುದು. ಬೇಸ್ ಸುಟ್ಟರೆ ಇಡೀ ಯಂತ್ರವೇ ಗುಜರಿಯ ದಾರಿ ಹಿಡಿಯುವುದುಂಟು.

ಕಾಸರಗೋಡಿನ ಒಳನಾಡಿನಲ್ಲಿರುವ ನಮ್ಮ ಶಾಲೆಯ ಧ್ವನಿವರ್ಧಕಕ್ಕೂ ಈ ಗತಿಯೇ ಒದಗುವುದರಲ್ಲಿತ್ತು. ಊರವರು ಹಿಂದೆ ಚಂದಾ ಕೂಡಿಸಿ ಕೊಂಡ ಯಂತ್ರವದು. ವಾರ್ಷಿಕೋತ್ಸವದ ತಾಳಮದ್ದಳೆಯಲ್ಲಿ ಅಜ್ಜ, ಮಗ, ಮೊಮ್ಮಗ ಮೂವರೂ ಅದರ ಮುಂದೆ ಅರ್ಥ ಹೇಳಿದ ಮನೆತನಗಳಿವೆ. "ಇದನ್ನು ತೂಕಕ್ಕೆ ಹಾಕುವ ಮಾಸ್ಟ್ರೇ, ಹೊಸತು ತರುವ" ಎಂದು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಹಿರಿಯರೊಬ್ಬರು ಸೂಚಿಸಿದರು. ನಾವು ಒಂದು ತಿಂಗಳ ಅವಧಿ ಬೇಡಿದೆವು.

ತಳ ಬಿಚ್ಚಿದಾಗ ರೋಗ ತಿಳಿಯಿತು. 6ವಿ6 ವಾಲ್ವುಗಳೆರಡೂ ಕೂರುವುದು ಆಕ್ಟಲ್ ಬೇಸಿನ ಮೇಲೆ. 1935ರಲ್ಲಿ ಅಮೆರಿಕದ ಲೋಹಕವಚದ ವಾಲ್ವುಗಳೊಂದಿಗೆ ಬಂದ ಈ ರೀತಿಯಲ್ಲಿ ಎಂಟು ಕಡ್ಡಿಗಳಿಗೆ ಎಡೆಯಿದ್ದು, ನಡುವಿನ ಗೂಟಕ್ಕೆ ಒಂದು ಏಣು ಇರುವುದರಿಂದ ತಪ್ಪಾಗಿ ಚುಚ್ಚಲಾಗದು. ಕಡ್ಡಿಗಳನ್ನು ತಳದಿಂದ ನೋಡುತ್ತ ಏಣಿನ ಬಳಿಯಿಂದ ಪ್ರದಕ್ಷಿಣೆಯಾಗಿ ಎಣಿಸಬೇಕು. ಎರಡನೆಯದು ಹೀಟರು, ಕೇವಲ 6.3 ವೋಲ್ಟ್, ಅದಕ್ಕೆ ತಾಗಿದ ಮೂರನೆಯದು ಆನೋಡು, ನೂರಾರು ವೋಲ್ಟ್. ಈ ಇಬ್ಬರು ನೆರೆಯವರ ನಡುವೆ ಧೂಳು, ನಮ್ಮ ಮಳೆಗಾಲದ ತೇವ, ವಾಲ್ವಿನ ಬಿಸಿ ಸೇರಿದರೆ ಕಿಡಿ ಹಾರಿ ಬೇಕಲೈಟು ಕರಕಾಗುತ್ತದೆ. ಕರಕು ಇಂಗಾಲ, ಇಂಗಾಲ ವಿದ್ಯುದ್ವಾಹಕ. ಕೆರೆದು ಒರೆಸಿದರೂ ಕಿಡಿ ಅದೇ ದಾರಿಯನ್ನು ಮತ್ತೆ ಹುಡುಕುವುದರಿಂದ ಅಂಥ ಬೇಸನ್ನು ತೆಗೆಯದೆ ಗತ್ಯಂತರವಿಲ್ಲ. ಮಕ್ಕಳು ಸುಳಿದಾಡುವಲ್ಲಿ ಇದರಲ್ಲಿ ರಾಜಿ ಸಲ್ಲದು.

ಬದಲಿಗೆ ಯಾವುದು? ನಿರುಪಯುಕ್ತ ವಸ್ತುಗಳಿಂದ ಪಾಠೋಪಕರಣ ಮಾಡುವುದನ್ನು ಶಿಕ್ಷಕ ತರಬೇತಿಯಲ್ಲಿ ಕಲಿತವರು ನಾವು. ಹೊಸತನ್ನು ಕೊಳ್ಳಲು ಕೈ ಬೇಗ ಹೋಗದು. ಎಂಟು ಕಡ್ಡಿಯ ರಿಲೇಗಳ ಬೇಸಿನಲ್ಲಿ ಆಕ್ಟಲ್ ವಾಲ್ವು ಸರಿಯಾಗಿ ಕೂರುತ್ತದೆ. ಹಳೆಯ ನಿಯಂತ್ರಣ ಪೆಟ್ಟಿಗೆಗಳಲ್ಲಿ ಅದು ಸಿಗುತ್ತದೆ, ತಿರುಪಿನಿಂದ ತಂತಿ ಬಿಗಿಯಬಹುದು. ಪ್ರಯೋಗದ ಹಲಗೆಯ ಮೇಲಿನ ಸಣ್ಣ ವಾಲ್ವಿಗೆ ಅದು ಸಾಕು. ಔಟ್‌ಪುಟ್ ವಾಲ್ವಿಗೆ ಮಾತ್ರ ಬೇಡವೆಂದೇ ನಮ್ಮ ಅಭಿಪ್ರಾಯ. ಧ್ವನಿ ಏರಿದಾಗ ಟ್ರಾನ್ಸ್‌ಫಾರ್ಮರಿನ ಪ್ರಭಾವದಿಂದ ಆನೋಡಿನ ವೋಲ್ಟೇಜು ಸರಬರಾಜಿನ ಮಟ್ಟವನ್ನೂ ಮೀರಿ ಜಿಗಿಯುತ್ತದೆ. ಅಲ್ಲಿಗೆ ಪಿಂಗಾಣಿಯ ಬೇಸೇ ತಕ್ಕದ್ದು. ಅದರ ತಿರುಪನ್ನು ಬಲವಾಗಿ ಬಿಗಿದರೆ ಬಿರಿಯುತ್ತದೆ. ಅಡಿಗೆ ವಾಷರು ಕೊಡಬೇಕು.

ಸತ್ತ ಆಕ್ಟಲ್ ವಾಲ್ವೂ ವ್ಯರ್ಥವಲ್ಲ. ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ ಗಾಜನ್ನು ಬೇರ್ಪಡಿಸಿ, ಕಡ್ಡಿಗಳ ಬೆಸುಗೆ ಕರಗಿಸಿದರೆ ಉಳಿಯುವ ಬುಡ ಒಳ್ಳೆಯ ಪ್ಲಗ್ಗಾಗುತ್ತದೆ. 6ಎಸ್‌ಎಲ್7 ಸಿಗದಾಗ ಆ ಬುಡದ ಮೇಲೆ ಒಂಬತ್ತು ಕಡ್ಡಿಯ ನೋವಲ್ ಬೇಸ್ ಕೂರಿಸಿ ಇಸಿಸಿ83 ಹಾಕುವುದುಂಟು. ಕಡ್ಡಿಗಳ ಕ್ರಮ ಬೇರೆಯಾದ್ದರಿಂದ ಒಂದೊಂದನ್ನೂ ನೋಡಿ ಜೋಡಿಸಬೇಕು. ಇಸಿಸಿ83ರಲ್ಲಿ 4, 5 ಕೂಡಿ ಹೀಟರಿನ ಒಂದು ತುದಿ, 9 ಇನ್ನೊಂದು. ನೋವಲ್ ವಾಲ್ವುಗಳ ಕೆಲವು ಕಡ್ಡಿಗಳು ಹೊರಗೆ ಕೆಲಸವಿಲ್ಲದಂತೆ ತೋರಿದರೂ ಒಳಗೆ ಸಂಬಂಧ ಹೊಂದಿರುತ್ತವೆ. ಖಾಲಿಯೆಂದು ಅಲ್ಲಿ ತಂತಿ ಬೆಸೆಯಕೂಡದು.

ಕೆಲಸಕ್ಕೆ ಮೊದಲು ಪ್ಲಗ್ ಕಿತ್ತು, ಕೆಪಾಸಿಟರುಗಳನ್ನು ರೆಸಿಸ್ಟರಿನ ಮೂಲಕ ಬರಿದು ಮಾಡಿ, ಮೀಟರಿನಿಂದ ನೋಡಿಯೇ ಕೈಯಿಟ್ಟೆವು. ಪಿಂಗಾಣಿಯ ಬೇಸುಗಳೆರಡರ ಬೆಲೆಯನ್ನು ತೂಕಕ್ಕೆ ಹಾಕಲು ಹೇಳಿದ್ದ ಹಿರಿಯರೇ ಕೊಟ್ಟರು. ಕರಕಾದ ಹಳೆಯ ಬೇಸ್ ಈಗ ವಿಜ್ಞಾನದ ಕಪಾಟಿನಲ್ಲಿದೆ.