ಐದನೆಯ ದೋಸೆ

ನ್ಯೂಜೆರ್ಸಿಯ ನಮ್ಮ ಅಡುಗೆಮನೆಯಲ್ಲಿ ನಾಲ್ಕು ದೋಸೆ ಹುಯ್ಯುವಷ್ಟರಲ್ಲಿ ಹೊಗೆಗೆ ಅಲಾರಾಂ ಕೂಗಿಕೊಳ್ಳುತ್ತದೆ. ಅಮ್ಮ ಊರಿನಿಂದ ಬರುವುದರೊಳಗೆ ಹಿತ್ತಲಿಗೊಂದು ಗ್ಯಾಸ್ ಕಾವಲಿ ತರೋಣವೆಂದು ಅಂಗಡಿಗೆ ಹೋದೆವು. 17, 22, 28, 36 ಇಂಚಿನವನ್ನು ಸಾಲಾಗಿ ಇಟ್ಟಿದ್ದರು. ಟೇಪು ಹಿಡಿದು ಅಳೆದೆ. ಎಂಟು ಇಂಚಿನ ದೋಸೆಯಾದರೆ 22ರ ಮೇಲೆ ಒಮ್ಮೆಗೆ ನಾಲ್ಕು. ಅದಕ್ಕಿಂತ ದೊಡ್ಡದಾದರೆ ಗ್ಯಾಸೂ ಹೆಚ್ಚು, ಉಜ್ಜಿ ಎಣ್ಣೆ ಸವರಿಡುವ ಕೆಲಸವೂ ಹೆಚ್ಚು.

"ನಾಲ್ಕು ಜನ, ನಾಲ್ಕು ದೋಸೆ. 22 ಸಾಕು" ಎಂದೆ.

"ಅತ್ತೆಗೆ?" ಎಂದಳು ಹೆಂಡತಿ.

'ಅಮ್ಮ ಹುಯ್ಯುತ್ತಾಳಲ್ಲ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಊರಿನ ಮನೆಯಲ್ಲಿ ಇದ್ದದ್ದು ಒಂದೇ ಹಂಚು. ನಾವೆಲ್ಲ ತಿಂದೆದ್ದ ಮೇಲೆ, ಹರಿದು ಆರಿಹೋದ ದೋಸೆಗಳನ್ನು ಅಮ್ಮ ಒಲೆಯ ಮುಂದೆ ನಿಂತೇ ತಿನ್ನುತ್ತಿದ್ದಳು. ಈ 40 ವರ್ಷ ಆಕೆಯನ್ನು ನಾನು ತಿನ್ನುವವರ ಲೆಕ್ಕಕ್ಕೆ ಸೇರಿಸಿರಲೇ ಇಲ್ಲ.

36ನ್ನೇ ತಂದೆವು. ನಾಲ್ಕು ಬರ್ನರ್, ಎಂಟು ದೋಸೆ. ಎಣ್ಣೆ ಸವರಿ ಹೊಗೆಯಾಡುವಷ್ಟು ಕಾಯಿಸಿ, ಉಕ್ಕು ಕಪ್ಪಾಗುವವರೆಗೆ ಮತ್ತೆ ಮತ್ತೆ ಪಳಗಿಸಿದೆ.

ಅಮ್ಮ ಬಂದ ಮೊದಲ ಭಾನುವಾರ ಹುಯ್ದವನು ನಾನೇ. ಉರಿ ಜಾಸ್ತಿಯಾಗಿ ಹಿಟ್ಟು ಸೌಟಿಗೇ ಅಂಟಿತು. ಅಮ್ಮ ಎರಡು ಸಲ ಎದ್ದು ಬಂದಳು, ಎರಡು ಸಲವೂ ಕೂರಿಸಿದೆವು. ಕೊನೆಗೆ ಐದು ತಟ್ಟೆಗೂ ಒಟ್ಟಿಗೇ ದೋಸೆ ಬಿತ್ತು.

"ಅಂಚು ಸೀದಿದೆ ಕಣೋ" ಎಂದಳು ಅಮ್ಮ. ಆಮೇಲೆ ಕೂತಲ್ಲಿಂದಲೇ ತಟ್ಟೆ ಮುಂದೆ ಮಾಡಿ ಇನ್ನೊಂದು ಹಾಕಿಸಿಕೊಂಡಳು.