ಎರಡು ಮೂಗುಗಳ ನಡುವೆ

ಶಿಕಾರಿಯೆಂದೊಡನೆ ನಮ್ಮ ಪೀಳಿಗೆಯ ಕನ್ನಡ ಓದುಗರ ಕಣ್ಣ ಮುಂದೆ ನಿಲ್ಲುವುದು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದುಕೊಟ್ಟ ಕೆನೆತ್ ಆಂಡರ್ಸನ್ನನ ಕಾಡು: ನರಭಕ್ಷಕ, ಅಟ್ಟಣೆ, ಬಂದೂಕು, ನೀರವ ರಾತ್ರಿ. ಅದೇ ಕಾಡಿನ ಹುಲ್ಲುಗರಿಯ ತುದಿಯಲ್ಲಿ ಎಳ್ಳುಕಾಳಿನಷ್ಟು ಗಾತ್ರದ ಜೀವಿಯೊಂದು ಬೇಟೆಗಾರನನ್ನೇ ಬೇಟೆಯಾಡಲು ಕಾದು ಕುಳಿತಿರುತ್ತದೆಯೆಂಬುದು ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಮಲೆನಾಡಿನಲ್ಲಿ ಅದಕ್ಕೆ ಉಣುಗು ಎಂದು ಹೆಸರು. ಬಯಲುಸೀಮೆಯವರು ಉಣ್ಣೆ ಎನ್ನುತ್ತಾರೆ. ದನದ ಕಿವಿಯಲ್ಲಿ, ನಾಯಿಯ ಕೊರಳಲ್ಲಿ ಅದನ್ನು ಕಾಣದ ಹಳ್ಳಿಯಿಲ್ಲ.

ಈ ಕ್ಷುದ್ರ ಜೀವಿಯನ್ನು ಕುರಿತು ನಾವು ಗಂಭೀರವಾಗಿ ಯೋಚಿಸತೊಡಗಿದ್ದು ಅಮೆರಿಕದ ಪೆನ್ಸಿಲ್ವೇನಿಯದಲ್ಲಿ. ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಪಡೆದು, ಅಲ್ಲಿ ನೆಲೆಸಿರುವ ತಮ್ಮನ ಮನೆಯಲ್ಲಿ ಮೂರು ವಾರ ತಂಗಿದ್ದೆವು. ಅದು ಅಕ್ಟೋಬರ್ ತಿಂಗಳು, ಬಿಲ್ಲುಬಾಣಗಳಿಂದ ಜಿಂಕೆ ಬೇಟೆಯಾಡುವ ಋತು. ಅಲ್ಲಿ ಪರವಾನಗಿ ಪಡೆದು ಬೇಟೆಯಾಡುವುದು ನ್ಯಾಯಸಮ್ಮತ. ಹಲವು ಕುಟುಂಬಗಳಿಗೆ ಅದು ಚಳಿಗಾಲದ ಮಾಂಸವೂ ಹೌದು, ತಂದೆಯಿಂದ ಮಗನಿಗೆ ಬಂದ ವಿದ್ಯೆಯೂ ಹೌದು. ನೆರೆಮನೆಯ ನಿವೃತ್ತ ಬಸ್ ಚಾಲಕರೊಬ್ಬರು ಹಿತ್ತಿಲಿನಲ್ಲಿ ಹಗ್ಗ ಕಟ್ಟಿ, ಷರಾಯಿ, ಅಂಗಿ, ಕಾಲುಚೀಲಗಳನ್ನು ಹರವಿ, ಕೈಗವಸು ತೊಟ್ಟು, ಅವುಗಳ ಮೇಲೆ ಏನನ್ನೋ ಸಿಂಪಡಿಸುತ್ತಿದ್ದರು. ಬೇಲಿಯ ಈಚೆ ನಿಂತು ವಿಚಾರಿಸಿದೆವು. ಒಂದು ಗಂಟೆ ನಡೆದ ಆ ಮಾತುಕತೆಯಿಂದ ನಮಗೆ ತಿಳಿದದ್ದು ಬಹಳ.

ಬಾಣದ ಬೇಟೆಗಾರನು ಜಿಂಕೆಗೆ ಇಪ್ಪತ್ತು ಮೂವತ್ತು ಗಜಗಳಷ್ಟು ಸಮೀಪವಿರಬೇಕಾಗುತ್ತದೆ. ಜಿಂಕೆ ಲೋಕವನ್ನು ಅರಿಯುವುದು ಮುಖ್ಯವಾಗಿ ಮೂಗಿನಿಂದ. ಸೋಪಿನ ಪರಿಮಳ, ಪೆಟ್ರೋಲಿನ ವಾಸನೆ, ಹೊಗೆಸೊಪ್ಪು, ಬೆವರು, ಯಾವುದೊಂದು ಗಾಳಿಯಲ್ಲಿ ತೇಲಿಹೋದರೂ ಅಂದಿನ ಶ್ರಮ ವ್ಯರ್ಥ. ಆದುದರಿಂದ ಬೇಟೆಗಾರರು ಬಟ್ಟೆಗಳನ್ನು ಗಂಧರಹಿತ ಸಾಬೂನಿನಲ್ಲಿ ಒಗೆಯುತ್ತಾರೆ, ಮನೆಯ ಬಟ್ಟೆಗಳೊಡನೆ ಬೆರೆಸದೆ ಗಾಳಿಯಾಡದ ಡಬ್ಬಿಯಲ್ಲಿಡುತ್ತಾರೆ, ಕಾಡಿನ ಅಂಚು ತಲುಪಿದ ಮೇಲೆಯೇ ಅವನ್ನು ತೊಡುತ್ತಾರೆ. ಗಾಳಿ ಜಿಂಕೆಯ ಕಡೆಯಿಂದ ತಮ್ಮತ್ತ ಬೀಸುವ ಜಾಗವನ್ನೇ ಆರಿಸಿಕೊಳ್ಳುತ್ತಾರೆ.

ಆದರೆ ಅದೇ ಋತುವಿನಲ್ಲಿ ಆ ಕಾಡಿನ ಕರಿಗಾಲಿನ ಉಣುಗು ಪ್ರಾಯಕ್ಕೆ ಬಂದು ಹೊದರುಗಳನ್ನು ಏರಿರುತ್ತದೆ. ಲೈಮ್ ರೋಗವನ್ನು ಹರಡುವುದು ಅದೇ. 1970ರ ದಶಕದಲ್ಲಿ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಸುತ್ತ ಮಕ್ಕಳ ಕೀಲುಗಳು ಬಾತು ನೋಯತೊಡಗಿದಾಗ ಬೆಳಕಿಗೆ ಬಂದ ಆ ರೋಗ ಇಂದು ಪೆನ್ಸಿಲ್ವೇನಿಯದಲ್ಲಿ ಮನೆಮಾತು. ಚರ್ಮಕ್ಕೆ ಹಚ್ಚುವ ಡೀಟ್ ಎಂಬ ಔಷಧಿ ಉಣುಗನ್ನು ದೂರವಿಡುತ್ತದೆ. ಆದರೆ ಅದಕ್ಕೆ ತನ್ನದೇ ಆದ ವಾಸನೆಯುಂಟು. ಹಚ್ಚಿಕೊಂಡರೆ ಜಿಂಕೆ ಓಡುವ ಭಯ, ಹಚ್ಚಿಕೊಳ್ಳದಿದ್ದರೆ ರೋಗದ ಭಯ.

ಈ ಇಕ್ಕಟ್ಟಿಗೆ ಆತ ಕಂಡುಕೊಂಡ ಪರಿಹಾರವೇ ಹಗ್ಗದ ಮೇಲೆ ತೂಗುತ್ತಿದ್ದ ಬಟ್ಟೆ. ಸಿಂಪಡಿಸುತ್ತಿದ್ದುದು ಪರ್ಮೆಥ್ರಿನ್, ಶೇಕಡಾ 0.5ರ ದ್ರಾವಣ. ಸೇವಂತಿಗೆಯ ಬಳಗದ ಹೂವೊಂದರಲ್ಲಿ ಸಹಜವಾಗಿರುವ ಕೀಟನಾಶಕವನ್ನು ಅನುಸರಿಸಿ ರಸಾಯನಶಾಸ್ತ್ರಜ್ಞರು ರೂಪಿಸಿದ ವಸ್ತು ಅದು. ಅದನ್ನು ಚರ್ಮಕ್ಕೆ ಹಚ್ಚುವಂತಿಲ್ಲ, ಬಟ್ಟೆಗೆ ಮಾತ್ರ. ಹಸಿಯಾಗಿರುವಾಗ ತುಸು ವಾಸನೆ; ಬಯಲಿನಲ್ಲಿ ಕೆಲವು ಗಂಟೆ ಒಣಗಿದ ಬಳಿಕ ಅದೂ ಉಳಿಯುವುದಿಲ್ಲ. ಉಣುಗು ಅಂಥ ಬಟ್ಟೆಯ ಮೇಲೆ ಹತ್ತಿದರೆ ಕಾದ ಹೆಂಚಿನ ಮೇಲೆ ಕಾಲಿಟ್ಟಂತೆ ಒದ್ದಾಡಿ ಉದುರುತ್ತದೆ, ಸಾಯುತ್ತದೆ. ಮನೆಯಲ್ಲಿ ಸಿಂಪಡಿಸಿದ್ದು ಸುಮಾರು ಆರು ವಾರ ಅಥವಾ ಆರು ಒಗೆತಗಳವರೆಗೆ ನಿಲ್ಲುತ್ತದೆ. ಕಾರ್ಖಾನೆಯಲ್ಲಿ ನೂಲಿಗೆ ಅಂಟಿಸಿದ್ದು ಎಪ್ಪತ್ತು ಒಗೆತಗಳವರೆಗೂ ಬಾಳುತ್ತದೆ. ಮೊದಲು ಗಂಧರಹಿತ ಸಾಬೂನಿನಲ್ಲಿ ಒಗೆತ, ಆಮೇಲೆ ಸಿಂಪಡಣೆ, ಪೂರ್ತಿ ಒಣಗಿದ ನಂತರ ಡಬ್ಬಿ. ಈ ಕ್ರಮ ತಪ್ಪಬಾರದೆಂದು ಆತ ಒತ್ತಿ ಹೇಳಿದರು. ಹಸಿಬಟ್ಟೆಯ ಹತ್ತಿರ ಬೆಕ್ಕು ಸುಳಿಯದಂತೆಯೂ ನೋಡಿಕೊಳ್ಳುತ್ತಿದ್ದರು. ಬೆಕ್ಕಿಗೂ ಮೀನಿಗೂ ಅದು ವಿಷ. ಬೇಟೆ ಮುಗಿಸಿ ಬಂದ ಮೇಲೆ ಬಟ್ಟೆಯನ್ನು ಒಣಗಿಸುವ ಯಂತ್ರದಲ್ಲಿ ಹತ್ತು ನಿಮಿಷ ಬಿಸಿಗೆ ಹಾಕಿದರೆ ಉಳಿದ ಉಣುಗುಗಳೂ ಸಾಯುತ್ತವೆ. ಕೊಂದ ಜಿಂಕೆಯನ್ನು ಹೊತ್ತು ತರುವಾಗ ಹೆಚ್ಚಿನ ಎಚ್ಚರ ಬೇಕು. ಒಡಲು ತಣ್ಣಗಾದಂತೆ ಉಣುಗುಗಳು ಅದನ್ನು ಬಿಟ್ಟು ಬೆಚ್ಚಗಿನ ಮತ್ತೊಂದು ಮೈಯನ್ನು ಅರಸುತ್ತವೆ.

ಇದರಲ್ಲಿ ನಮ್ಮನ್ನು ಬೆರಗುಗೊಳಿಸಿದ್ದು ಮತ್ತೊಂದು ಸಂಗತಿ. ಉಣುಗಿಗೂ ಒಂದು ಬಗೆಯ ಮೂಗುಂಟು. ಮುಂಗಾಲುಗಳ ತುದಿಯಲ್ಲಿರುವ ಸೂಕ್ಷ್ಮ ಅಂಗವೊಂದರಿಂದ ಅದು ಉಸಿರಿನ ಇಂಗಾಲದ ಡೈಆಕ್ಸೈಡನ್ನು, ಮೈಯ ಬಿಸಿಯನ್ನು, ಬೆವರಿನ ವಾಸನೆಯನ್ನು ಗ್ರಹಿಸುತ್ತದೆ. ಆ ಜಾತಿಗೆ ಕಣ್ಣೇ ಇಲ್ಲ. ಜಿಂಕೆಯ ಮೂಗನ್ನು ಗಾಳಿಯ ದಿಕ್ಕು ನೋಡಿ ವಂಚಿಸಬಹುದು. ಆದರೆ ಉಸಿರಾಡುವವರೆಗೆ ಉಣುಗನ್ನು ವಂಚಿಸಲಾಗದು. ಮೊದಲನೆಯದರಿಂದ ಮರೆಯಾಗಬೇಕು, ಎರಡನೆಯದನ್ನು ಮೈಗೆ ತಲುಪುವ ಮುನ್ನ ತಡೆಯಬೇಕು. ಈ ಎರಡು ಮೂಗುಗಳ ನಡುವೆ ಆತನಿಗೆ ದಾರಿ ಮಾಡಿಕೊಟ್ಟದ್ದು ವಾಸನೆಯಿಲ್ಲದ ಒಂದು ಅಂಗಿ.

ಲೈಮ್ ರೋಗಕ್ಕೆ ಔಷಧವಿದೆ. ಉಣುಗು ಕಚ್ಚಿ ಒಂದು ದಿನದೊಳಗೆ ಕಿತ್ತೊಗೆದರೆ ರೋಗ ತಗಲುವ ಸಂಭವವೂ ಕಡಿಮೆ. ಆದರೆ ಅದೇ ಉಣುಗು ಅಪರೂಪಕ್ಕೆ ಪೊವಾಸನ್ ಎಂಬ ವೈರಸ್ಸನ್ನೂ ಹೊತ್ತಿರುತ್ತದೆ. ಅದು ಕೆಲವೇ ನಿಮಿಷಗಳಲ್ಲಿ ರಕ್ತಕ್ಕೆ ಇಳಿಯಬಲ್ಲದು, ಅದಕ್ಕೆ ಔಷಧವಿಲ್ಲ. ಆ ಹೆಸರನ್ನು ಕೇಳಿದಾಗ ನಮ್ಮ ಮನಸ್ಸು ಊರಿಗೆ ಹೋಯಿತು. ಕಾರಣವಿಷ್ಟೆ: ಪೊವಾಸನ್ ವೈರಸ್ಸೂ ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸೂ ಒಂದೇ ಕುಲದವು.

ಮಂಗನ ಕಾಯಿಲೆಗೂ ನಾವು ಬದುಕುತ್ತಿರುವ ಈ ಪುಣೆಗೂ ಹಳೆಯ ನಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿ, ಜನರೂ ಜ್ವರದಿಂದ ಮಲಗಿದಾಗ, ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇನೋ ಎಂಬ ಆತಂಕ ಹುಟ್ಟಿತ್ತು. ಇಲ್ಲ, ಇದು ಉಣುಗಿನಿಂದ ಹರಡುವ ಹೊಸದೊಂದು ವೈರಸ್ಸು ಎಂದು ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಇಂದು ಅಂಬೇಡ್ಕರ್ ರಸ್ತೆಯಲ್ಲಿ ನಾವು ನಿತ್ಯವೂ ಹಾದುಹೋಗುವ ರಾಷ್ಟ್ರೀಯ ವೈರಾಣು ಸಂಸ್ಥೆ. ಆ ಕಾಯಿಲೆ ಕಂಡವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ನಿರ್ದಿಷ್ಟ ಔಷಧವಿಲ್ಲ. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯ ಬಲ ಕುಗ್ಗಿದುದರಿಂದ 2022ರಲ್ಲಿ ಅದನ್ನೂ ನಿಲ್ಲಿಸಲಾಯಿತು. ಹೊಸ ಲಸಿಕೆ ಜನರ ಕೈಸೇರುವವರೆಗೆ ಉಳಿದಿರುವುದು ಉಣುಗು ಕಚ್ಚದಂತೆ ನೋಡಿಕೊಳ್ಳುವುದೊಂದೇ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಶಿಕಾರಿ ನಿಂತಿದೆ, ನಿಲ್ಲಬೇಕಾದದ್ದೇ. ಆದರೆ ಕಾಡಿಗೆ ಹೋಗುವವರು ನಿಂತಿಲ್ಲ. ಸಾಗರದ ಕಡೆಯ ನಮ್ಮ ಸೋದರತ್ತೆ ಇಂದಿಗೂ ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ ಹೊತ್ತು ತರುತ್ತಾರೆ. ಕೊಟ್ಟಿಗೆಗೆ ದರಕು ಬೇಕು, ಗೊಬ್ಬರಕ್ಕೆ ಕೊಟ್ಟಿಗೆ ಬೇಕು, ಅಡಕೆ ತೋಟಕ್ಕೆ ಗೊಬ್ಬರ ಬೇಕು. ಎಲೆಯುದುರಿ ದರಕು ಸಿಕ್ಕುವುದು ಚಳಿಗಾಲ ಕಳೆದು ಬಿಸಿಲೇರುವ ತಿಂಗಳುಗಳಲ್ಲಿ. ಮರಿ ಉಣುಗುಗಳು ಅದೇ ದರಕಿನಲ್ಲಿ ತುಂಬಿರುವುದೂ ಆಗಲೇ. ಅಲ್ಲಿ ಬೇಟೆಯ ಋತುವಿಗೂ ಉಣುಗಿನ ಋತುವಿಗೂ ಬಿದ್ದ ಗಂಟು ಇಲ್ಲಿ ದುಡಿಮೆಯ ಋತುವಿಗೆ ಬಿದ್ದಿದೆ.

ಸರ್ಕಾರ ಸುಮ್ಮನೆ ಕುಳಿತಿಲ್ಲ. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದಲ್ಲಿ ರೂಪುಗೊಂಡ ಡೆಪಾ ಎಂಬ ತೈಲವನ್ನು ಆರೋಗ್ಯ ಇಲಾಖೆ ಮನೆಮನೆಗೆ ಉಚಿತವಾಗಿ ಹಂಚುತ್ತದೆ. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಿಕೊಳ್ಳಬೇಕು. ಅತ್ತೆಯ ಮನೆಯ ಗೂಡಿನಲ್ಲಿ ಅದರ ಬಾಟಲಿ ಮುಕ್ಕಾಲು ತುಂಬಿಯೇ ಇತ್ತು. ಯಾಕೆ ಹಚ್ಚಿಕೊಳ್ಳುವುದಿಲ್ಲವೆಂದು ಕೇಳಿದ್ದಕ್ಕೆ ಅವರು ಹೇಳಿದ್ದಿಷ್ಟು: "ಎಣ್ಣೆ ಹಚ್ಚಿದ ಕೈಯಲ್ಲೇ ಬುತ್ತಿ ಉಣ್ಣದು ಹ್ಯಾಗೆ ಮಾರಾಯಾ? ಅನ್ನವೆಲ್ಲ ಅದೇ ನಾತ."

ಇದನ್ನು ಅಜ್ಞಾನವೆಂದು ತಳ್ಳಿಹಾಕುವವರಿದ್ದಾರೆ. ನಾವು ಹಾಗೆ ತಿಳಿಯಲಾರೆವು. ಪೆನ್ಸಿಲ್ವೇನಿಯದ ಬೇಟೆಗಾರನೂ ವಾಸನೆಯ ಕಾರಣದಿಂದಲೇ ಮೈಗೆ ಹಚ್ಚುವ ಔಷಧಿಯನ್ನು ದೂರವಿಟ್ಟದ್ದು. ಅವನನ್ನು ಯಾರೂ ಅಜ್ಞಾನಿಯೆನ್ನಲಿಲ್ಲ. ಅವನ ಕಸುಬಿಗೆ ಹೊಂದುವ ಬಟ್ಟೆಯನ್ನು ಮಾರುಕಟ್ಟೆ ಸಿದ್ಧಪಡಿಸಿಕೊಟ್ಟಿತು. ಜಿಂಕೆಯ ಮೂಗಿಗೆ ಸಂದ ಮರ್ಯಾದೆ ನಮ್ಮ ಅತ್ತೆಯ ಮೂಗಿಗೆ ಸಲ್ಲಬಾರದೆ?

ಮಲೆನಾಡಿನ ಹೆಂಗಸರು ಬೆಟ್ಟಕ್ಕೆ ಹೋಗುವಾಗ ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಡುತ್ತಾರೆ. ಮುಳ್ಳಿಗೆ, ಬಿಸಿಲಿಗೆ ಅದೇ ರಕ್ಷೆ. ಕೆಲಸ ಮುಗಿದೊಡನೆ ಅದನ್ನು ಕಳಚಿ ಗೂಟಕ್ಕೆ ಸಿಕ್ಕಿಸುತ್ತಾರೆ. ಹೀಗೆ ಕಾಡಿಗೆಂದೇ ಮೀಸಲಾದ ಉಡುಪೊಂದು ಅಲ್ಲಿ ಆಗಲೇ ಇದೆ. ಆ ಅಂಗಿಗೆ ಔಷಧಿಯನ್ನು ಉಣಿಸಿ ಕೊಡುವುದು ಸಾಧ್ಯವೇ, ನಮ್ಮ ಸೆಕೆ ಬೆವರುಗಳಲ್ಲಿ ಅದು ಎಷ್ಟು ದಿನ ನಿಲ್ಲುತ್ತದೆ, ಅದನ್ನು ಒಗೆಯುವ ಹಳ್ಳದ ಮೀನುಗಳ ಗತಿಯೇನು ಎಂಬುದನ್ನೆಲ್ಲ ತಜ್ಞರು ಪರೀಕ್ಷಿಸಿ ನಿರ್ಧರಿಸಬೇಕು. ಕಡತಗಳ ನಡುವೆ ದಿನ ಕಳೆಯುವ ನಾವು ಹೇಳಬಹುದಾದುದು ಒಂದೇ ಮಾತು. ಎಷ್ಟು ಬಾಟಲಿ ಹಂಚಿದೆವೆಂಬ ಲೆಕ್ಕ ಕಡತದಲ್ಲಿ ಸುಲಭವಾಗಿ ಸೇರುತ್ತದೆ; ಗೂಡಿನಲ್ಲಿ ಎಷ್ಟು ಉಳಿದಿದೆಯೆಂಬುದು ಸೇರುವುದಿಲ್ಲ. ಆ ಎರಡನೆಯ ಲೆಕ್ಕವನ್ನು ಕೇಳುವವರು, ಯಾಕೆ ಉಳಿಯಿತೆಂದು ಅತ್ತೆಯಂಥವರ ಜಗಲಿಯಲ್ಲಿ ಕುಳಿತು ಕೇಳುವವರು ಬೇಕು. ಬರುವ ಬೇಸಿಗೆಗೂ ಅವರು ಬೆಟ್ಟಕ್ಕೆ ಹೋಗುವವರೇ.